ಕಂಬಳಿಹುಳು ಹತ್ತಲು ಒಂದು ಎರವಲು ಮಗು

ವೆಂಡೆಲ್ ಹ್ರುಸ್ಕಾ ರೋಲರ್ ಕೋಸ್ಟರಿನಲ್ಲಿ ಕೂತರೆ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಸರದಿಗೆ ಕಾಯುವವನ ಹಾಗೆ ಕಾಣುತ್ತಿದ್ದ. ಹಿಂದೆ ಮುಂದೆ ಕೂತವರು ಅಮ್ಮಾ ಅಪ್ಪಾ ಎಂದು ಅರಚಿ ಪಕ್ಕದ ಕೆರೆಯ ಹಕ್ಕಿಗಳನ್ನೆಲ್ಲ ಎಬ್ಬಿಸುತ್ತಿದ್ದರೆ, ಇವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಎದೆಗೆ ಬಿಗಿದ ಕ್ಯಾಮೆರಾಕ್ಕೆ ಕೇಳಿಸುವಷ್ಟೇ ದನಿಯಲ್ಲಿ, "ಈಗ ಬೀಳ್ತಾ ಇದೀವಿ," ಅನ್ನುತ್ತಿದ್ದ. ಒಂದು ಉಸಿರು ಬಿಟ್ಟು, "ಈಗ ತಲೆಕೆಳಗಾಗಿದೀವಿ." ಬಂಡಿ ನಿಂತ ಮೇಲೆ, "ಪರವಾಗಿಲ್ಲ." ಪರವಾಗಿಲ್ಲ ಎಂಬುದು ಆ ಬಾಯಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ. ಕೋಸ್ಟರ್ ಹುಚ್ಚಿನ ಜನ ಅವನ ವಿಡಿಯೊಗಳಿಗೆ ಮುಗಿಬೀಳುತ್ತಿದ್ದುದೇ ಈ ಒಣ ದನಿಗಾಗಿ.

ಚಳಿಗಾಲದಲ್ಲಿ ಅವನು ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಆ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡವರು ಮನೆ ತಲುಪುವಷ್ಟರಲ್ಲಿ ಸೂಪು ತಣ್ಣಗಾಗಿರುತ್ತಿತ್ತು. ಮನೆಯ ಇನ್ನರ್ಧದಲ್ಲಿದ್ದ ಅಕ್ಕ ಬರ್ನಡೀನ್ ಛೇಡಿಸುತ್ತಿದ್ದಳು.

"ಬೇಸಿಗೇಲಿ ಅಷ್ಟು ಜೋರಾಗಿ ಬೀಳೋನು ಚಳಿಗಾಲದಲ್ಲಿ ಯಾಕೋ ಹೀಗೆ ತೆವಳ್ತೀಯ?"

"ಕೋಸ್ಟರಿಗೆ ಹಳಿ ಇರತ್ತೆ ಅಕ್ಕಾ. ರಸ್ತೆಗೆ ಇರಲ್ಲ."

ಹೀಗಿತ್ತು ಅವನ ನಂಬಿಕೆ. ಉಕ್ಕಿನ ಕಾರ್ಖಾನೆಯವರು ವರ್ಷಕ್ಕೊಂದು ದಿನ ಕೆಲಸಗಾರರ ಸಂಸಾರಗಳನ್ನೆಲ್ಲ ಈರಿ ಕೆರೆಯ ದಂಡೆಯ ಮೇಪಲ್ ಕೋವ್ ಪಾರ್ಕಿಗೆ ಕರೆದೊಯ್ಯುತ್ತಿದ್ದ ಕಾಲದಲ್ಲಿ, ಅಪ್ಪನ ಪಕ್ಕ ಕೂತು ಅವನು ಮೊದಲ ಸಲ ಮರದ ದೊಡ್ಡ ಕೋಸ್ಟರ್ ಹತ್ತಿದ್ದ. ಅಪ್ಪ ಇಡೀ ದಾರಿ ದೇವರನ್ನು ಕರೆದರು. ಮಗ ಮಾತ್ರ ಅಂದಿನಿಂದ ಯಾವುದಕ್ಕೂ ಹೆದರದವನಾದ. ಕಾರ್ಖಾನೆ ಮುಚ್ಚಿತು, ಅಪ್ಪ ತೀರಿಕೊಂಡರು, ಮದುವೆ ಯಾಕೋ ಕೂಡಿಬರಲಿಲ್ಲ. ಕೋಸ್ಟರ್ ಮಾತ್ರ ಕೈ ಬಿಡಲಿಲ್ಲ.

ಕೋಸ್ಟರ್ ಮಂದಿಯದು ಒಂದು ವಿಚಿತ್ರ ಲೋಕ. ಅವರು ಎದುರುಬದುರಾದರೆ ಕ್ಷೇಮ ಸಮಾಚಾರ ಕೇಳುವುದಿಲ್ಲ, ಎಷ್ಟು ಹತ್ತಿದೆ ಎಂದು ಕೇಳುತ್ತಾರೆ. ಒಂದು ಕೋಸ್ಟರನ್ನು ಒಂದು ಸಲ ಹತ್ತಿದರೆ ಅದು ಲೆಕ್ಕಕ್ಕೆ ಸೇರಿತು. ಆಮೇಲೆ ನೂರು ಸಲ ಹತ್ತಿದರೂ ಅದೇ ಒಂದು. ಸುಳ್ಳು ಹೇಳಿದರೆ ತಡೆಯುವವರಿಲ್ಲ, ಆದರೆ ಯಾರೂ ಹೇಳುವುದಿಲ್ಲ. ಹೆಂಡತಿಗೆ ತೂಕದ ವಿಷಯದಲ್ಲಿ ಸುಳ್ಳು ಹೇಳುವ ಗಂಡಸರು ಕೂಡ ಕೋಸ್ಟರ್ ಲೆಕ್ಕದಲ್ಲಿ ಸತ್ಯಹರಿಶ್ಚಂದ್ರರು.

ಒಂದು ವರ್ಷ ಬೇಸಿಗೆಯ ಕೊನೆಗೆ ವೆಂಡೆಲ್ ತನ್ನ ವಿಡಿಯೊದಲ್ಲಿ, ಎಂದಿನ ಒಣ ದನಿಯಲ್ಲೇ, ಘೋಷಿಸಿಬಿಟ್ಟ: "ಒಹಾಯೊದಲ್ಲಿ ಇರೋ ಕೋಸ್ಟರ್ ಎಲ್ಲಾ ಹತ್ತಾಯ್ತು. ಪರವಾಗಿಲ್ಲ."

ಕೋಸ್ಟರ್ ಮಂದಿಯ ಸಂಘವೊಂದಿತ್ತು, ಅದರವರು ಕುಣಿದಾಡಿದರು. ಮೇಪಲ್ ಕೋವ್ ಚಳಿಗಾಲಕ್ಕೆ ಬಾಗಿಲು ಹಾಕುವ ಮುಂಚಿನ ಕೊನೆಯ ಭಾನುವಾರ ಎಲ್ಲರೂ ಅಲ್ಲಿ ಸೇರಿ ಕೇಕ್ ಕತ್ತರಿಸುವುದೆಂದು ಗೊತ್ತಾಯಿತು. ಅಷ್ಟರಲ್ಲಿ ವಿಡಿಯೊದ ಕೆಳಗೆ ಡ್ವೇನ್ ಪೆಟಿಬೋನ್ ಎಂಬ ಇನ್ನೊಬ್ಬ ವಿಡಿಯೊಗಾರ ಒಂದೇ ಒಂದು ಮಾತು ಬರೆದ.

"ಕಂಬಳಿಹುಳು?"

ಮೇಪಲ್ ಕೋವಿನ ಮಕ್ಕಳ ಮೂಲೆಯಲ್ಲಿ, ಹಂಸದ ದೋಣಿಗಳ ಪಕ್ಕ, ಹಸಿರು ಕಂಬಳಿಹುಳುವಿನ ಆಕಾರದ ಒಂದು ಪುಟಾಣಿ ಕೋಸ್ಟರ್ ಇತ್ತು. ದೊಡ್ಡವರ ಹೆಗಲೆತ್ತರಕ್ಕೆ ಏರುತ್ತಿತ್ತು, ಒಂದು ದೊಡ್ಡ ಸೇಬಿನ ಹೊಟ್ಟೆಯೊಳಗೆ ನುಸುಳಿ ಈಚೆ ಬರುತ್ತಿತ್ತು. ಅದು ಪಾರ್ಕಿಗೆ ಬಂದಾಗ ವೆಂಡೆಲ್ಲನಿಗೆ ಆಗಲೇ ಮೀಸೆ. ಅದನ್ನು ಅವನು ಕೋಸ್ಟರ್ ಎಂದು ಎಣಿಸಿಯೇ ಇರಲಿಲ್ಲ.

"ಅದು ಆಟಿಕೆ ಕಣಯ್ಯಾ," ಎಂದು ಡ್ವೇನನಿಗೆ ಫೋನಿನಲ್ಲಿ ಹೇಳಿದ.

"ಹೌದಾ? ನಿನ್ನ ಹಳೇ ವಿಡಿಯೊ ಒಂದಿದೆ, ಹಾಕ್ತೀನಿ, ಕೇಳು."

ಫೋನಿನಿಂದ ವೆಂಡೆಲ್ಲನದೇ ದನಿ ಬಂತು: "ಹಳಿ ಇದ್ರೆ, ಚಕ್ರ ಇದ್ರೆ, ತಾನಾಗೇ ಇಳಿದ್ರೆ, ಅದು ಕೋಸ್ಟರ್. ಇದರಲ್ಲಿ ಮಾತಿಲ್ಲ."

ತನ್ನ ನಾಲಿಗೆಯೇ ತನಗೆ ಮುಳುವಾಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಆ ಕಂಬಳಿಹುಳುವನ್ನು ಪಾರ್ಕಿನವರು ಯಾವುದೋ ದೂರದ ಜಾತ್ರೆಯವರಿಗೆ ಮಾರಿದ್ದರು. ಕೊನೆಯ ಭಾನುವಾರ ಮುಗಿದರೆ ಬಿಚ್ಚಿ ಲಾರಿಗೆ ಹಾಕುವುದೇ. ಹತ್ತದೆ ಬಿಟ್ಟರೆ ಲೆಕ್ಕದಲ್ಲಿ ಬಿದ್ದ ಆ ತೂತು ಜನ್ಮಕ್ಕೂ ಮುಚ್ಚುವುದಲ್ಲ.

ಹತ್ತೋಣವೆಂದರೆ ಬಾಗಿಲಲ್ಲೇ ಹಲಗೆ ತೂಗುತ್ತಿತ್ತು: ದೊಡ್ಡವರು ಮಗುವಿನ ಜೊತೆಗೆ ಮಾತ್ರ.

ಇಂಥ ಕಷ್ಟಕ್ಕೆ ಕೋಸ್ಟರ್ ಮಂದಿ ಕಂಡುಕೊಂಡ ದಾರಿ ಒಂದಿದೆ. ನೆಂಟರ ಮಗುವನ್ನೋ ಗೆಳೆಯರ ಮಗುವನ್ನೋ ಎರವಲು ತರುತ್ತಾರೆ. ಮೀಸೆ ಹೊತ್ತ ಗಂಡಸರು ಅಕ್ಕನ ಮಗಳ ಕೈ ಹಿಡಿದು, ಮೊಳಕಾಲು ಗಲ್ಲಕ್ಕೆ ತಾಗಿಸಿಕೊಂಡು, ಡೈನೋಸಾರ್ ಮರಿಯ ಬೆನ್ನೇರಿ ಕೂತಿರುವುದನ್ನು ಯಾವ ಪಾರ್ಕಿನಲ್ಲಾದರೂ ಕಾಣಬಹುದು. ವೆಂಡೆಲ್ ಈ ಪದ್ಧತಿಯನ್ನು ತನ್ನ ವಿಡಿಯೊಗಳಲ್ಲಿ ಎಷ್ಟು ಸಲ ಆಡಿಕೊಂಡಿದ್ದನೋ ಲೆಕ್ಕವಿಲ್ಲ.

"ಪಕ್ಕದ ಮನೆ ಜೋಲೀನ್‌ನ ಕೇಳು," ಅಂದಳು ಬರ್ನಡೀನ್, ಪಿರೋಗಿ ಕಡುಬಿಗೆ ಈರುಳ್ಳಿ ಹುರಿಯುತ್ತ. "ಅವಳ ಮಗಳು ಓಪಲ್ ಇದಾಳಲ್ಲ."

"ಮಗೂನ ಕೇಳೋಕೆ ಅದೇನು ಏಣಿನಾ ಅಕ್ಕಾ?"

"ಏಣಿ ಕೇಳಿದ್ರೂ ಅವಳು ಕೊಡಲ್ಲ, ಯಾರಾದ್ರೂ ಬೀಳ್ತಾರೆ ಅಂತ. ಆದ್ರೂ ಕೇಳು."

ಜೋಲೀನ್ ವಾರ್ಗೊ ಕ್ಲೀವ್‌ಲ್ಯಾಂಡಿನಲ್ಲಿ ಓದಿ, ಅಲ್ಲೇ ಕೆಲಸಕ್ಕಿದ್ದು, ಮಗಳನ್ನು ಗದ್ದಲದಿಂದ ದೂರ ಬೆಳೆಸಬೇಕೆಂದು ಈ ಸಣ್ಣ ಊರಿಗೆ ಬಂದವಳು. ಬಂದ ಮೇಲೆ ಗದ್ದಲವಿಲ್ಲವಲ್ಲ, ಏನಾದರೂ ಆದರೆ ಯಾರಿಗೆ ಕೇಳಿಸುತ್ತದೆ ಎಂದು ಹೊಸ ಚಿಂತೆ ಹಚ್ಚಿಕೊಂಡಳು. ದ್ರಾಕ್ಷಿಯನ್ನು ನಾಲ್ಕು ಹೋಳು ಮಾಡಿ ಕೊಡುತ್ತಿದ್ದಳು. ಇದನ್ನು ಅತಿ ಎನ್ನುವವರು ಎನ್ನಲಿ. ಇಡೀ ದ್ರಾಕ್ಷಿ ಮಗುವಿನ ಗಂಟಲಿಗೆ ಎಷ್ಟು ಸರಿಯಾಗಿ ಹೊಂದುತ್ತದೆಂದು ಒಮ್ಮೆ ಓದಿದವರು ಅದನ್ನು ಮರೆಯಲಾರರು.

ವೆಂಡೆಲ್ ಟೋಪಿಯನ್ನು ಕೈಯಲ್ಲಿ ಹಿಡಿದು ಅವಳ ಜಗಲಿಯಲ್ಲಿ ನಿಂತು ವಿಷಯ ಹೇಳಿದ.

"ಅದಕ್ಕೆ ಬ್ರೇಕ್ ಇದೆಯಾ?" ಎಂದಳು ಜೋಲೀನ್.

"ಇದೆ."

"ಅದು ಕೆಟ್ರೆ?"

"ಸುಮ್ನೆ ನಿಲ್ಲತ್ತೆ. ಅಷ್ಟು ನಿಧಾನ."

"ಮಧ್ಯದಲ್ಲಿ ನಿಂತ್ರೆ?"

"ನಾನೇ ಕಾಲು ಕೆಳಗಿಟ್ಟು ಇಳಿದು, ಎತ್ಕೊಂಡು ಬರ್ತೀನಿ."

"ಸೇಬಿನ ಒಳಗೆ ನಿಂತ್ರೆ?"

ವೆಂಡೆಲ್ ಇದನ್ನು ಯೋಚಿಸಿರಲಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಅವನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. "ಸೇಬಲ್ಲೂ ಗಾಳಿ ಆಡತ್ತೆ," ಅಂದ.

ಅಷ್ಟರಲ್ಲಿ ಅಮ್ಮನ ಹಿಂದಿನಿಂದ ಓಪಲ್ ಇಣುಕಿದಳು. ಒಂದನೇ ಕ್ಲಾಸು, ವಯಸ್ಸಿಗೆ ಮೀರಿದ ಉದ್ದ, ಮುಂದಿನ ಹಲ್ಲೆರಡು ಇಲ್ಲ.

"ಈ ತಾತ ಯಾಕೆ ಬಂದಿದಾರೆ?"

"ತಾತ ಅಲ್ಲ ಚಿನ್ನಾ, ವೆಂಡೆಲ್ ಅಂಕಲ್."

"ತಾತನ ಥರಾನೇ ಇದಾರೆ."

"ನನಗೆ ಒಂದು ಮಗು ಬೇಕಿತ್ತು," ಅಂದ ವೆಂಡೆಲ್, ನೇರವಾಗಿ ಅವಳಿಗೇ. "ಒಂದೇ ಒಂದು ಸುತ್ತಿಗೆ."

ಓಪಲ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯೋಚನೆ ಮಾಡ್ತೀನಿ," ಅಂದು ಒಳಗೆ ಹೋದಳು.

ಜೋಲೀನ್ ಎರಡು ದಿನ ವೆಂಡೆಲ್ಲನ ಹಳೆಯ ವಿಡಿಯೊಗಳನ್ನೆಲ್ಲ ನೋಡಿದಳು, ಬೀಳುವ ಕಡೆಯಲ್ಲೆಲ್ಲ ಕಣ್ಣು ಮುಚ್ಚಿಕೊಂಡು. ಓಪಲ್ ಪಕ್ಕದಲ್ಲೇ ಕೂತು ಕಣ್ಣು ಬಿಟ್ಟುಕೊಂಡು ನೋಡಿದಳು. ಕೊನೆಗೆ ಒಪ್ಪಿಗೆ ಬಂತು, ಷರತ್ತುಗಳ ಸಮೇತ: ತಾನೂ ಬರಬೇಕು, ಮಗುವಿಗೆ ಮೊದಲೇ ಏನೂ ತಿನ್ನಿಸಬಾರದು, ಹಾಗೆಂದು ಖಾಲಿ ಹೊಟ್ಟೆಯಲ್ಲೂ ಕೂರಿಸಬಾರದು.

ಆ ಭಾನುವಾರ ಕೆರೆಯ ಕಡೆಯಿಂದ ತಣ್ಣನೆ ಗಾಳಿ. ಆಲೂ ಫ್ರೈಗೆ ಸುರಿದ ವಿನೆಗರಿನ ವಾಸನೆ ಪಾರ್ಕಿನ ತುಂಬ. ಹಂಸದ ದೋಣಿಗಳ ಹತ್ತಿರ ಕೋಸ್ಟರ್ ಸಂಘದವರು ಬಣ್ಣಬಣ್ಣದ ಟೀ ಶರ್ಟುಗಳಲ್ಲಿ ಕೇಕಿನ ಡಬ್ಬ ಇಟ್ಟುಕೊಂಡು ಕಾದಿದ್ದರು. ಡ್ವೇನ್ ಬೇಲಿಗೆ ಒರಗಿ ನಿಂತಿದ್ದ.

"ಏನಯ್ಯಾ, ಎರವಲು ತಂದ್ಯಾ? ಪರವಾಗಿಲ್ಲ!"

ವೆಂಡೆಲ್ ಪಕ್ಕಕ್ಕೆ ಸರಿದ. ಹಿಂದಿನಿಂದ ಜೋಲೀನ್ ಓಪಲ್ಲಳನ್ನು ಕರೆತಂದಳು. ಮಗುವಿನ ಕಾಲಿಗೆ ದಪ್ಪ ಅಟ್ಟೆಯ ಮಳೆಯ ಬೂಟು, ಮೈಗೆ ಎರಡು ಜಾಕೆಟ್ಟು, ತಲೆಗೆ ಸೈಕಲ್ ಹೆಲ್ಮೆಟ್ಟು. ಕೆನ್ನೆಯ ಮೇಲೆ ಬಿಸಿಲಿನ ಕ್ರೀಮು ಮೊಸರನ್ನದ ಹಾಗೆ ಮೆತ್ತಿತ್ತು, ಬಿಸಿಲು ಮಾತ್ರ ಇರಲಿಲ್ಲ.

ಕಂಬಳಿಹುಳುವನ್ನು ನಡೆಸುತ್ತಿದ್ದವಳು ಲೊರೇನ್ ಎಂಬ ನಿವೃತ್ತ ಮೇಡಂ. ಮೂರನೇ ಕ್ಲಾಸಿನವರನ್ನು ಜೀವಮಾನವಿಡೀ ಸಾಲಾಗಿ ನಿಲ್ಲಿಸಿದವಳು, ಬೇಸರ ಕಳೆಯಲು ಇಲ್ಲಿಗೆ ಬಂದಿದ್ದಳು. ಬಾಗಿಲಲ್ಲಿ ಮರದ ಮೊಲವೊಂದು ನಿಂತಿತ್ತು. ಅದರ ಕಿವಿಗಿಂತ ಎತ್ತರವಿದ್ದರೆ ಮಗು ಮಗುವಲ್ಲ.

ಓಪಲ್ ಮೊಲದ ಪಕ್ಕ ನಿಂತಳು. ಹೆಲ್ಮೆಟ್ಟು ಕಿವಿಯನ್ನು ದಾಟಿ ನಾಲ್ಕು ಬೆರಳು ಮೇಲಿತ್ತು.

"ಇದು ಮಗು ಅಲ್ಲ," ಅಂದಳು ಲೊರೇನ್.

"ಮಗುನೇ ಮೇಡಂ," ಅಂದ ವೆಂಡೆಲ್. "ಕೆಳಗೆ ಬೂಟು, ಮೇಲೆ ಹೆಲ್ಮೆಟ್ಟು. ಮಧ್ಯ ಇರೋದಷ್ಟೇ ಮಗು."

"ನಾನು ನೋಡೋದು ಮೊಲಾನ."

ಬೇಲಿಯ ಆಚೆ ಡ್ವೇನ್ ಕಿಸಕ್ಕೆಂದ. ಬೂಟು ಬಿಚ್ಚಿಸಿದರು. ಹೆಲ್ಮೆಟ್ಟು ಇನ್ನೂ ಮೇಲಿತ್ತು.

"ಅದನ್ನೂ ತೆಗೀರಿ," ಅಂದಳು ಲೊರೇನ್.

"ಆಗಲ್ಲ," ಅಂದಳು ಜೋಲೀನ್. "ಹೆಲ್ಮೆಟ್ ಇಲ್ದೆ ಕಳಿಸಲ್ಲ. ಮನೆಗೆ ಹೋಗೋಣ ನಡಿ ಓಪಲ್."

ಕೇಕಿನ ಸುತ್ತ ನಿಂತವರೆಲ್ಲ ಇತ್ತ ತಿರುಗಿದರು. ವೆಂಡೆಲ್ ಕಂಬಳಿಹುಳುವಿನ ಕಡೆ ನೋಡಿದ. ಅದರ ನಗುಮುಖದಲ್ಲಿ ಒಂದು ಕಣ್ಣಿನ ಬಣ್ಣ ಉದುರಿತ್ತು. ನಾಳೆ ಅದು ಇಲ್ಲಿರುವುದಿಲ್ಲ. ಅವನು ಜೋಲೀನಳ ಹತ್ತಿರ ಬಂದು ದನಿ ತಗ್ಗಿಸಿದ.

"ನೋಡಿ ಜೋಲೀನ್. ಬೇಡ ಅಂದ್ರೆ ಬೇಡ, ನಾನು ಬೇಜಾರು ಮಾಡ್ಕೊಳಲ್ಲ. ಕಳಿಸಿದ್ರೆ ಮಾತ್ರ, ನನ್ನ ಎಡಗೈ ಇಡೀ ದಾರಿ ಅವಳಿಗೆ ಅಡ್ಡ ಇರತ್ತೆ. ಹೆಲ್ಮೆಟ್ಟಿಗಿಂತ ದಪ್ಪ ಇದೆ, ನೋಡಿ."

ಜೋಲೀನ್ ಆ ಕೈಯನ್ನು ಒತ್ತಿ ನೋಡಿದಳು, ಸಂತೆಯಲ್ಲಿ ಹಲಸಿನಹಣ್ಣು ನೋಡುವ ಹಾಗೆ. ಹಿಮದ ಲಾರಿಯ ಸ್ಟೀರಿಂಗ್ ತಿರುಗಿಸಿ ಗಟ್ಟಿಯಾದ ಕೈ. ಅವಳು ಕಣ್ಣು ಮುಚ್ಚಿಕೊಂಡು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು. ಓಪಲ್ಲಳ ತಲೆ ಮೊಲದ ಕಿವಿಗಿಂತ ಒಂದು ಬೆರಳು ಕೆಳಗೆ ನಿಂತಿತು.

"ಮಗು," ಎಂದು ಲೊರೇನ್ ತೀರ್ಪು ಕೊಟ್ಟಳು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಓಪಲ್ ನೆಲಕ್ಕೆ ಕೂತುಬಿಟ್ಟಳು.

"ನಾನು ಹೋಗಲ್ಲ. ಏನಾಗತ್ತೆ ಅಂತ ಗೊತ್ತಿಲ್ಲ."

"ಏನೂ ಆಗಲ್ಲ ಚಿನ್ನಾ!" ಎಂದು ಸಂಘದವರೆಲ್ಲ ಒಕ್ಕೊರಲಿನಿಂದ ಅಂದರು. ಏನೂ ಆಗುವುದಿಲ್ಲ ಎಂದು ದೊಡ್ಡವರು ಇಷ್ಟು ಜನ ಸೇರಿ ಹೇಳಿದರೆ ಯಾವ ಮಗುವಾದರೂ ನಂಬೀತೇ?

ವೆಂಡೆಲ್ಲನಿಗೆ ಮಕ್ಕಳನ್ನು ರಮಿಸಲು ಬರುತ್ತಿರಲಿಲ್ಲ. ಬರುತ್ತಿದ್ದುದು ಒಂದೇ. ಅವನು ಕಷ್ಟಪಟ್ಟು ಅವಳ ಪಕ್ಕ ನೆಲಕ್ಕೆ ಕೂತು, ಹಳಿಯ ಕಡೆ ಬೆರಳು ತೋರಿಸುತ್ತ, ಹವಾಮಾನದ ವರದಿ ಓದುವವನ ಹಾಗೆ ಶುರುಮಾಡಿದ.

"ಮೊದಲು ಟಕ ಟಕ ಅಂತ ಸದ್ದಾಗತ್ತೆ. ಅದು ಸರಪಳಿ, ನಮ್ಮನ್ನ ಎಳೀತಾ ಇರತ್ತೆ. ಮೇಲೆ ಹೋದಾಗ ಸದ್ದು ನಿಲ್ಲತ್ತೆ. ಆಗ ಬಲಗಡೆ ತಿರುಗತ್ತೆ. ನೀನು ನನ್ನ ಮೇಲೆ ವಾಲ್ತೀಯ. ಆಮೇಲೆ ಬೀಳ್ತೀವಿ. ಹೊಟ್ಟೇಲಿ ಗುಳುಂ ಅನ್ನತ್ತೆ."

"ಎಷ್ಟು ಗುಳುಂ?"

"ನಿನ್ನ ಅಮ್ಮ ಕಾರಲ್ಲಿ ಸೇತುವೆ ಇಳೀತಾರಲ್ಲ, ಅಷ್ಟು."

"ಅಮ್ಮ ನಿಧಾನ ಇಳೀತಾಳೆ. ಗುಳುಂ ಬರಲ್ಲ."

"ಹಂಗಾದ್ರೆ ಅದಕ್ಕಿಂತ ಒಂದು ಚೂರು ಜಾಸ್ತಿ."

"ಆಮೇಲೆ?"

"ಆಮೇಲೆ ಸೇಬು. ಕತ್ತಲೆ. ಬಾಯಲ್ಲಿ ಒಂದು ಎರಡು ಅನ್ನೋಷ್ಟ್ರಲ್ಲಿ ಬೆಳಕು."

ಅವಳು ಇನ್ನೊಂದು ಸಲ ಹೇಳಿಸಿದಳು. ಮತ್ತೊಂದು ಸಲವೂ. ಆಮೇಲೆ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಮೊದಲನೇ ಸೀಟಿನಲ್ಲಿ ಹೋಗಿ ಕೂತಳು.

ವೆಂಡೆಲ್ ಪಕ್ಕದಲ್ಲಿ ತುರುಕಿಕೊಂಡ. ಮೊಳಕಾಲು ಕಿವಿಯ ಹತ್ತಿರ ಬಂತು. ಎಡಗೈ ಚಾಚಿ ಮಗುವಿಗೆ ಅಡ್ಡ ಹಿಡಿದ. ಲೊರೇನ್ ಗುಂಡಿ ಒತ್ತಿದಳು. ಟಕ ಟಕ ಟಕ.

ಮೇಲೇರುವಾಗ ಅವನು ಎಂದಿನಂತೆ ಬಾಯಿ ತೆರೆದ, ಕ್ಯಾಮೆರಾಕ್ಕೆ ಏನಾದರೂ ಹೇಳಲು. ಅದೇ ಹೊತ್ತಿಗೆ ಓಪಲ್ಲಳ ಪುಟ್ಟ ಕೈಗಳು ಅವನ ತೋಳನ್ನು ತಬ್ಬಿದವು. ಗುಬ್ಬಚ್ಚಿ ಹಿಡಿದುಕೊಂಡಷ್ಟು ಭಾರ. ವೆಂಡೆಲ್ ಕೆಳಗೆ ನೋಡಿದ. ಬೇಲಿಯ ಹಿಂದೆ ಜೋಲೀನ್ ಹೆಲ್ಮೆಟ್ಟನ್ನು ಎದೆಗವುಚಿಕೊಂಡು ನಿಂತಿದ್ದಳು. ಆಕಾಶದೆತ್ತರದಿಂದ ತಲೆಕೆಳಗಾಗಿ ಬಿದ್ದವನಿಗೆ ಆ ಹೆಗಲೆತ್ತರದಿಂದ ನೆಲ ಭಯಂಕರ ದೂರ ಕಂಡಿತು. ಈ ಕಂಬಿ ಸಡಿಲವೋ? ಈ ಪಟ್ಟಿ ಯಾವ ಕಾಲದ್ದು? ನಿಜಕ್ಕೂ ಸೇಬಿನೊಳಗೆ ನಿಂತುಬಿಟ್ಟರೆ?

"ಅಯ್ಯಯ್ಯಯ್ಯೋ!" ಎಂದು ವೆಂಡೆಲ್ ಹ್ರುಸ್ಕಾ ಅರಚಿದ.

ಸಂಘದವರು ಬೇಲಿಗೆ ಮುಗಿಬಿದ್ದರು. ಈ ಗಂಟಲಿನಿಂದ ಇಂಥ ಸದ್ದನ್ನು ಯಾರೂ ಕೇಳಿರಲಿಲ್ಲ. ಕಂಬಳಿಹುಳು ಬಲಕ್ಕೆ ವಾಲಿತು. "ಹಿಡ್ಕೋ! ಗಟ್ಟಿ ಹಿಡ್ಕೋ! ನಿಲ್ಸಿ ಮೇಡಂ! ಅಯ್ಯೋ ದೇವ್ರೇ!"

"ಈಗ ಬೀಳ್ತಾ ಇದೀವಿ," ಅಂದಳು ಓಪಲ್, ಸಮಾಧಾನವಾಗಿ.

ಅವರು ಬಿದ್ದರು. ಸೇಬಿನೊಳಗೆ ಹೋದರು. ಸೇಬಿನೊಳಗಿಂದ ಒಬ್ಬ ದೊಡ್ಡ ಗಂಡಸಿನ ಬೊಬ್ಬೆ, ಅದರ ಜೊತೆಗೆ "ಒಂದು, ಎರಡು" ಎಂಬ ಸಣ್ಣ ದನಿ ಕೇಳಿಸಿತು. ಸುತ್ತು ಮುಗಿದು ಬಂಡಿ ನಿಂತಾಗ ವೆಂಡೆಲ್ಲನ ಮುಖ ಸುಣ್ಣ ಬಳಿದ ಗೋಡೆ. ಎಡಗೈ ಇನ್ನೂ ಅಡ್ಡ ಇತ್ತು. ಲೊರೇನ್ ಬಂದು ಬಿಡಿಸಬೇಕಾಯಿತು. ಆ ಕೈ ಇಡೀ ಹೊತ್ತು ಕ್ಯಾಮೆರಾದ ಮುಂದೆಯೇ ಇತ್ತಾದ್ದರಿಂದ, ವಿಡಿಯೊದಲ್ಲಿ ನೀಲಿ ಸ್ವೆಟರಿನ ತೋಳು ಮತ್ತು ಬೊಬ್ಬೆ ಬಿಟ್ಟರೆ ಏನೂ ಬಂದಿರಲಿಲ್ಲ.

"ಇನ್ನೊಂದ್ಸಲ!" ಅಂದಳು ಓಪಲ್.

"ಬೇಡ," ಅಂದ ವೆಂಡೆಲ್.

"ಲೆಕ್ಕಕ್ಕೆ ಒಂದು ಸಲ ಸಾಕು ಪುಟ್ಟೀ," ಎಂದು ಡ್ವೇನ್ ನಡುವೆ ಬಂದ. ಅವನ ದನಿಯಲ್ಲಿ ಗೇಲಿ ಇರಲಿಲ್ಲ, ಏನೋ ಸಂಕೋಚವಿತ್ತು. ಕಾಲಿನಿಂದ ಕಲ್ಲೊಂದನ್ನು ಉರುಳಿಸುತ್ತ ಜೋಲೀನಳ ಕಡೆ ತಿರುಗಿದ. "ಅಮ್ಮಾ ತಾಯೀ... ಅದೇನಂದ್ರೆ... ನಂದೂ ಅದೊಂದು ಬಾಕಿ ಇದೆ. ಮಗೂನ ಒಂದು ಸುತ್ತು..."

"ಏನು, ನೀನೂ ಹತ್ತಿಲ್ವಾ?" ಅಂದ ವೆಂಡೆಲ್.

"ಯಾರು ಹತ್ತಿದಾರೆ ಇಲ್ಲಿ?" ಎಂದು ಹಿಂದಿನಿಂದ ಯಾರೋ ಗೊಣಗಿದರು. ತಿರುಗಿ ನೋಡಿದರೆ ಸಂಘಕ್ಕೆ ಸಂಘವೇ ಕೇಕನ್ನು ಹಂಸದ ದೋಣಿಯ ಮೇಲಿಟ್ಟು ಮೊಲದ ಹಿಂದೆ ಸಾಲಾಗಿ ನಿಂತಿತ್ತು. ಗಡ್ಡದವರು, ಬೊಕ್ಕತಲೆಯವರು, ಊರುಗೋಲಿನವಳೊಬ್ಬಳು. ಇಡೀ ಗುಂಪಿಗೆ ಒಂದೇ ಒಂದು ಮಗು.

"ತಳ್ಳಬೇಡಿ! ಒಬ್ಬೊಬ್ರೇ!" ಎಂದು ಲೊರೇನ್ ಹಳೆಯ ಉತ್ಸಾಹದಿಂದ ಸೀಟಿ ಊದಿದಳು.

ಜೋಲೀನ್ ಒಬ್ಬೊಬ್ಬರನ್ನೂ ವಿಚಾರಿಸಿ ಬಿಟ್ಟಳು: ಕೈ ತೊಳೆದಿರಾ, ನೆಗಡಿ ಇದೆಯಾ, ಜೇಬಿನಲ್ಲಿ ಚೂಪಾದ್ದೇನಾದರೂ? ಓಪಲ್ ರಾಣಿಯ ಹಾಗೆ ಮೊದಲನೇ ಸೀಟಿನಲ್ಲೇ ಕೂತಿದ್ದಳು. ಪಕ್ಕಕ್ಕೆ ಬಂದವರಿಗೆಲ್ಲ ಮುಂದೆ ಏನಾಗತ್ತೆ ಎಂದು ಬಿಡಿಸಿ ಹೇಳುತ್ತಿದ್ದಳು.

ಮೊದಲು ಡ್ವೇನ್. ಬಂಡಿ ಟಕ ಟಕ ಎಂದು ಏರತೊಡಗಿತು. ವೆಂಡೆಲ್ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಂಬಿಗಳ ನಡುವೆ ಮುಖ ತುರುಕಿ ನಿಂತಿದ್ದ.

"ಕೈ ಅಡ್ಡ ಇಡಯ್ಯಾ ಡ್ವೇನ್! ಆ ಕೈ ಅಲ್ಲ, ಎಡಗೈ! ಮಗು ಕಡೆ ನೋಡು, ನನ್ನ ಕಡೆ ಏನು ನೋಡ್ತೀಯ!"

ತಮ್ಮನ ಜೊತೆಗೇ ಪಾರ್ಕಿಗೆ ಬಂದಿದ್ದ ಬರ್ನಡೀನ್ ಒಂದು ತುಂಡು ಕೇಕನ್ನು ತಮ್ಮನ ಮೂಗಿನ ಹತ್ತಿರ ಹಿಡಿದಳು. "ಕೊನೇದೂ ಸಿಕ್ತಲ್ಲೋ. ಒಹಾಯೊ ಪೂರ್ತಿ ಆಯ್ತು. ಈಗಲಾದ್ರೂ ಸಮಾಧಾನನಾ?"

"ಸುಮ್ನಿರು ಅಕ್ಕಾ," ಅಂದ ವೆಂಡೆಲ್, ಕಣ್ಣು ಕೀಳದೆ. "ಮಗು ಮೇಲಿದೆ."